ನಮ್ಮ ಅತ್ತೆಯವರ ಕೆಮ್ಮು

ಮದುವೆಯಾಗಿ ಸಂಸೆಯ ಹತ್ತಿರದ ಆ ಮನೆಗೆ ಬಂದು ಎಂಟು ವರ್ಷ ಕಳೆದಿದ್ದರೂ ನಮ್ಮ ಅತ್ತೆ ಕೆಮ್ಮಿದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಬೈದದ್ದನ್ನು ಬೇಕಾದಷ್ಟು ಕೇಳಿದ್ದೆ. ಸಾರಿಗೆ ಉಪ್ಪು ಹೆಚ್ಚಾದರೆ ಬೈಗುಳ, ಕಡಿಮೆಯಾದರೆ ಬೈಗುಳ, ಸರಿಯಾಗಿದ್ದರೆ “ಇವತ್ತೇನೇ, ಯಾರು ಬಂದು ಸಾರು ಮಾಡಿ ಹೋದ್ರು?” ಎಂಬ ವಿಚಾರಣೆ. ಕೆಮ್ಮು ಮಾತ್ರ ಇಲ್ಲ. ಮನೆಮಂದಿಗೆಲ್ಲ ನೆಗಡಿ ಹತ್ತಿದಾಗಲೂ ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಏನೂ ಆಗದವರಂತೆ ಒಳಗೆ ಬರುತ್ತಿದ್ದರು. ಗಟ್ಟಿ ಜೀವ ಎಂದುಕೊಂಡು ನಾನು ಸುಮ್ಮನಿದ್ದೆ.

ನಮ್ಮದು ಏಳೆಕರೆ ಕಾಫಿ ತೋಟ. ಎಸ್ಟೇಟ್ ಎಂದು ಹೇಳಿಕೊಂಡರೆ ನಿಜವಾದ ಎಸ್ಟೇಟಿನವರು ನಕ್ಕಾರು. ನನ್ನ ಗಂಡ ತೋಟದ ಕೆಲಸ ನೋಡಿಕೊಳ್ಳುತ್ತಿದ್ದರು, ಮಾವ ಅವರಿಗೆ ಸಲಹೆ ಕೊಡುತ್ತಿದ್ದರು, ಇಬ್ಬರ ಮಾತನ್ನೂ ಬದಿಗಿಟ್ಟು ಅತ್ತೆ ತಮಗೆ ಸರಿಕಂಡದ್ದನ್ನು ಮಾಡಿಸುತ್ತಿದ್ದರು. ಕುಯ್ಲಿನ ಕಾಲದಲ್ಲಿ ಕಾಫಿ ಒಣಗಿಸುವ ಕಣವಂತೂ ಅವರದೇ ರಾಜ್ಯ. ಹರವಿದ ಹಣ್ಣಿನ ನಡುವೆ ನಿಂತು ಒಂದು ಮುಷ್ಟಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುವರು. ಒಳಗಿನ ಬೀಜ ಗಲಗಲ ಎಂದರೆ ಒಣಗಿತು ಎಂದು ಲೆಕ್ಕ. “ಇನ್ನೂ ಎರಡು ಬಿಸಿಲು ಬೇಕು. ಹಸಿ ಇದ್ದಾಗ ಮೂಟೆ ಕಟ್ಟಿದ್ರೆ ಬೂಷ್ಟು ಹಿಡೀತದೆ” ಎಂದು ಅವರು ಹೇಳಿದ ಮೇಲೆ ಮೂಟೆ ಕಟ್ಟುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಬೆಳಗಿನಿಂದ ಸಂಜೆಯವರೆಗೆ ಅವರ ಬಾಯಲ್ಲಿ ಎಲೆಅಡಿಕೆ. ನಾನು ಬಂದ ಹೊಸದರಲ್ಲಿ ಊಟದ ಮೇಲೆ ಮಾತ್ರ ಹಾಕುತ್ತಿದ್ದವರು ಬರಬರುತ್ತಾ ಒಂದು ಮುಗಿಯುವುದರೊಳಗೆ ಇನ್ನೊಂದು ಮಡಿಸತೊಡಗಿದ್ದರು. ಉಗುಳುವ ಡಬ್ಬಿಯನ್ನು ಯಾರಿಗೂ ಮುಟ್ಟಗೊಡದೆ ತಾವೇ ತೊಳೆಯುತ್ತಿದ್ದರು. “ಅತ್ತೆ, ನೀವು ಮೇಯೋದು ನೋಡಿದ್ರೆ ವೀಳ್ಯದೆಲೆಗೇ ಬೇರೆ ತೋಟ ಮಾಡ್ಬೇಕು” ಎಂದು ನಾನು ಕಾಲೆಳೆದರೆ, “ಮಾಡು ಮಾರಾಯ್ತಿ, ನಿನ್ನ ಅಪ್ಪನ ಮನೆಯಿಂದ ಬಳ್ಳಿ ತಗೊಂಡು ಬಾ” ಎನ್ನುತ್ತಿದ್ದರು. ಮಾತಿನಲ್ಲಿ ನನಗೆ ಸರಿಸಾಟಿಯಾಗಿ ನಿಲ್ಲುವವರು ಮನೆಯಲ್ಲಿ ಒಬ್ಬರಿದ್ದಾರೆ ಎಂಬುದು ನನಗೆ ಒಳಗೊಳಗೇ ಖುಷಿ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಆ ವರ್ಷದ ಶಿವರಾತ್ರಿಯ ದಿನ. ಅತ್ತೆಯವರದು ಕಟ್ಟುನಿಟ್ಟಿನ ಉಪವಾಸ. ನೀರು ಬಿಟ್ಟರೆ ಬಾಯಿಗೆ ಏನೂ ಇಲ್ಲ, ಎಲೆಅಡಿಕೆಯಂತೂ ಇಲ್ಲವೇ ಇಲ್ಲ. ಬೆಳಿಗ್ಗೆ ಬಟ್ಟೆ ಒಗೆಯಲು ಹಿತ್ತಲಿಗೆ ಹೋದವಳು ಒಗೆಯುವ ಕಲ್ಲಿನ ಪಕ್ಕ, ಬೂದಿಯ ಮೇಲೆ, ಕೆಂಪು ಉಗುಳು ಕಂಡೆ. ಎಷ್ಟು ಸಾವಿರ ಸಲ ಆ ಬಣ್ಣ ನೋಡಿದ್ದೆನೋ. ನೀರು ಸುರಿದು ತೊಳೆಯಲು ಕೊಡ ಎತ್ತಿದವಳು ಹಾಗೇ ನಿಂತೆ. ಎಲೆಅಡಿಕೆ ಹಾಕದ ಬಾಯಿಂದ ಕೆಂಪು ಎಲ್ಲಿಂದ ಬಂತು?

ತಿರುಗಿ ನೋಡಿದರೆ ಅತ್ತೆ ಹಿಂದೆಯೇ ನಿಂತಿದ್ದರು.

“ನೋಡಿದ್ಯಾ?” ಎಂದರು.

“ರಕ್ತ ಅಲ್ವಾ ಅತ್ತೆ ಇದು?”

“ಹೌದು. ಬಾಯಿ ಮುಚ್ಚು. ನಿನ್ನ ಗಂಡನಿಗೂ ಹೇಳ್ಬೇಡ, ಮಾವನಿಗಂತೂ ಹೇಳ್ಲೇಬೇಡ.”

“ಎಷ್ಟು ದಿನದಿಂದ?”

“ದಿನ ಎಲ್ಲಿಂದ ಬಂತು? ಎರಡು ವರ್ಷ ಆಯ್ತು.”

ನಮ್ಮ ಕಡೆ ಯಾರ ಬಾಯಿ ಕೆಂಪಗಿದ್ದರೂ ಯಾರೂ ತಿರುಗಿ ನೋಡುವುದಿಲ್ಲ. ರಕ್ತವನ್ನು ಬಚ್ಚಿಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕೆಮ್ಮಿನಲ್ಲಿ ರಕ್ತ ಬರತೊಡಗಿದ ಮೇಲೆ ಅತ್ತೆ ಎಲೆಅಡಿಕೆ ಹೆಚ್ಚಿಸಿದ್ದರು. ನಾನು ಜಾಣೆ, ಅವರಿಗೆ ತಮಾಷೆ ಮಾಡಿಕೊಂಡು, ಸುಣ್ಣ ಕಡಿಮೆ ಹಾಕಿ ಎಂದು ಬುದ್ಧಿ ಹೇಳಿಕೊಂಡು ಎರಡು ವರ್ಷ ಕಳೆದಿದ್ದೆ. ನನ್ನ ಕಣ್ಣಿನ ಮೇಲೆ ನನಗಿದ್ದ ಜಂಬವೆಲ್ಲ ಅವತ್ತು ಇಳಿಯಿತು.

ಒಗೆಯುವ ಕಲ್ಲಿನ ಮೇಲೆ ಕೂತು ಅವರು ಹೇಳಿದ್ದನ್ನು ಚಿಕ್ಕದು ಮಾಡಿ ಹೇಳುತ್ತೇನೆ. ನನ್ನ ಗಂಡ ಒಂದು ವರ್ಷದ ಕೂಸಾಗಿದ್ದಾಗ ಅತ್ತೆಗೆ ಕ್ಷಯ ಬಂತು. ಆಗ ಅವರಿಗೆ ಇಪ್ಪತ್ತೆರಡು. ಅವರ ಅತ್ತೆ, ಎಂದರೆ ನನ್ನ ಗಂಡನ ಅಜ್ಜಿ, ಅವರನ್ನು ಕಣದ ಆಚೆಯ ಕಾಫಿ ಗೋಡೌನಿಗೆ ಹಾಕಿದರು. ಬೇರೆ ಚಾಪೆ, ಬೇರೆ ತಟ್ಟೆ, ಬೇರೆ ಲೋಟ. ಕಾಂಪೌಂಡರು ಬಂದು ಸೂಜಿ ಚುಚ್ಚಿ ಹೋಗುವರು. ಊಟದ ತಟ್ಟೆಯನ್ನು ಮಾವ ತಂದು ಹೊಸಿಲ ಮೇಲಿಟ್ಟು, ಕಣದ ಇನ್ನೊಂದು ಅಂಚಿಗೆ ಹೋಗಿ ನಿಂತು, “ಹೇಗಿದ್ದೀಯ?” ಎಂದು ಕೂಗಿ ಕೇಳುವರು. ಅವರಿಗೆ ಅಮ್ಮನ ಹೆದರಿಕೆ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಗೋಡೌನಿನಿಂದ ಕೆಮ್ಮಿನ ಸದ್ದು ಬಂದ ದಿನ ಕೂಸನ್ನು ಅಂಗಳಕ್ಕೂ ಬಿಡುತ್ತಿರಲಿಲ್ಲ. ದೂರದಿಂದಲಾದರೂ ಮಗನನ್ನು ನೋಡಬೇಕಲ್ಲ, ಅದಕ್ಕಾಗಿ ಅತ್ತೆ ಕೆಮ್ಮು ನುಂಗುವುದನ್ನು ಕಲಿತರು. ಹತ್ತು ತಿಂಗಳ ಮೇಲೆ ವಾಸಿಯಾಗಿ ಮನೆಯೊಳಗೆ ಬಂದಾಗ ಕೂಸು ಅವರ ಮುಖ ನೋಡಿ ಕಿರುಚಿಕೊಂಡು ಅಜ್ಜಿಯ ಸೆರಗಿನೊಳಗೆ ಸೇರಿಕೊಂಡಿತಂತೆ.

“ಈಗ ಮತ್ತೆ ಅದೇ ಬಂದಿದೆ” ಎಂದರು ಅತ್ತೆ. “ಸಾಯೋದಕ್ಕೆ ನಂಗೇನೂ ಇಲ್ಲ. ಆ ಗೋಡೌನಿಗೆ ಮಾತ್ರ ಹೋಗೋದಿಲ್ಲ.”

ಆಗ ನನಗೆ ಇನ್ನೊಂದು ಹೊಳೆಯಿತು. ಎರಡು ವರ್ಷದಿಂದ ಅವರು ನನ್ನ ಮಗಳನ್ನು ಮಡಿಲಿಗೆ ಹತ್ತಿಸಿಕೊಂಡಿರಲಿಲ್ಲ. “ಕತ್ತೆ ಹಾಗೆ ಬೆಳೆದಿದ್ದೀಯ, ಇಳಿ” ಎಂದು ಗದರಿ ದೂಡುತ್ತಿದ್ದರು. ಹೆಣ್ಣು ಮಗು ಎಂದು ಅಸಡ್ಡೆ ಎಂದುಕೊಂಡು ನಾನು ನನ್ನ ತವರಿನಲ್ಲಿ ಕೂತು ಅವರ ಮೇಲೆ ದೂರು ಹೇಳಿದ್ದೆ.

ಇಷ್ಟು ಕೇಳಿದ ಮೇಲೆ ಅವರ ಕೈ ಹಿಡಿದು ಕಣ್ಣೀರು ಹಾಕಿದೆ ಎಂದು ಬರೆಯಲು ನನಗೂ ಆಸೆ. ನಾನು ಮಾಡಿದ್ದು ಬೇರೆ. ಅತ್ತೆ ತಮ್ಮ ಕೋಣೆಯ ದೂರದ ಮೂಲೆಗೆ ಸರಿಸಿಟ್ಟಿದ್ದ ಮಗಳ ಹಾಸಿಗೆಯನ್ನು ಆ ಸಂಜೆಯೇ ನಮ್ಮ ಕೋಣೆಗೆ ಎಳೆದು ತಂದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಗುಟ್ಟು ನನ್ನ ಬಾಯಲ್ಲಿ ನಿಲ್ಲುವಂಥದ್ದಲ್ಲ. ಮಾರನೆಯ ದಿನ ಗಂಡನಿಗೆ ಹೇಳಿದೆ, ಅವರು ತಮ್ಮ ಅಪ್ಪನಿಗೆ ಹೇಳಿದರು. ಮಾವ ಎದ್ದು ತೋಟಕ್ಕೆ ಹೋದರು. ಕಳಸದ ಡಾಕ್ಟರು ಎಕ್ಸ್‌ರೇ ತೆಗೆಸಿದರು. ಬಲಗಡೆ ಶ್ವಾಸಕೋಶದ ತುದಿಯಲ್ಲಿ ಒಂದು ಮಬ್ಬು ಇತ್ತು. ಹಳೆಯ ಕತೆ ಕೇಳಿದ ಮೇಲೆ ಅವರೂ ಕ್ಷಯವೇ ಮರಳಿದೆ ಎಂದುಕೊಂಡು ಮಾತ್ರೆ ಶುರುಮಾಡಿದರು. ಅತ್ತೆ ಗೋಡೌನಿನ ಮಾತೆತ್ತುವ ಮೊದಲೇ ನನ್ನ ಗಂಡ, “ಗೋಡೌನಲ್ಲಿ ಗೊಬ್ಬರ ತುಂಬಿದೆ. ನಿಂಗೆ ಅಲ್ಲಿ ಜಾಗ ಇಲ್ಲಮ್ಮ” ಎಂದು ಮುಗಿಸಿಬಿಟ್ಟರು. ಅವರು ಇಷ್ಟು ಚುಟುಕಾಗಿ ಇಷ್ಟು ಒಳ್ಳೆಯ ಮಾತು ಆಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಮಾತ್ರೆ ನುಂಗಿ ನುಂಗಿ ಆರು ತಿಂಗಳಾಯಿತು. ರಕ್ತ ನಿಲ್ಲಲಿಲ್ಲ. ಕಫವನ್ನು ಮೂರು ಸಲ ಪರೀಕ್ಷೆಗೆ ಕಳಿಸಿದರೂ ಕ್ಷಯದ ಸುಳಿವಿಲ್ಲ. ಗೌರಿ ಹಬ್ಬ ಕಳೆದ ವಾರ ಅತ್ತೆ ತೋಟದಲ್ಲಿ ಆಳುಗಳಿಂದ ಕಾಫಿ ಗಿಡದ ಚಿಗುರು ತೆಗೆಸುತ್ತಾ ನಿಂತಿದ್ದವರು ಇದ್ದಕ್ಕಿದ್ದಂತೆ ಬಗ್ಗಿದರು. ಒಂದು ಚೊಂಬಿನಷ್ಟು ರಕ್ತ. ಈ ಸಲ ಯಾವ ಎಲೆಅಡಿಕೆಯೂ ಅದನ್ನು ಮುಚ್ಚುವಂತಿರಲಿಲ್ಲ. ಕಳಸದ ಡಾಕ್ಟರು ರಕ್ತ ನಿಲ್ಲಲು ಇಂಜೆಕ್ಷನ್ ಕೊಟ್ಟು, ನಮ್ಮನ್ನು ಕೂರಿಸಿಕೊಂಡು, “ನನ್ನ ಊಹೆ ತಪ್ಪಿದೆ. ಇದು ಕ್ಷಯ ಅಲ್ಲ, ಏನು ಅಂತ ನಂಗೆ ಗೊತ್ತಾಗ್ತಿಲ್ಲ. ಈಗಲೇ ಮಂಗಳೂರಿಗೆ ಹೊರಡಿ” ಎಂದರು. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವ ಡಾಕ್ಟರನ್ನು ನಾನು ನೋಡಿದ್ದು ಅವತ್ತೇ. ಆ ಮಾತು ಅವರು ಹೇಳದಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಜೀಪಿನಲ್ಲಿ ಕುದುರೆಮುಖ, ಕಾರ್ಕಳ ದಾಟಿ ಮಂಗಳೂರು ಸೇರಿದೆವು. ದೊಡ್ಡ ಆಸ್ಪತ್ರೆ. ಎದೆಯ ಆಪರೇಷನ್ ಮಾಡುವ ಸರ್ಜನ್ ಎಂದರೆ ಎತ್ತರದ, ಗಂಭೀರ ಮನುಷ್ಯ ಎಂದುಕೊಂಡಿದ್ದೆ. ಬಂದವರು ನನ್ನ ಹೆಗಲೆತ್ತರದ, ಹವಾಯಿ ಚಪ್ಪಲಿ ಹಾಕಿದ, ಜೇಬಿನಲ್ಲಿ ನಾಲ್ಕು ಪೆನ್ನು ಸಿಕ್ಕಿಸಿಕೊಂಡ ಒಬ್ಬ ಸಣ್ಣ ಆಳು. ಆಸ್ಪತ್ರೆಯ ಲೆಕ್ಕ ಬರೆಯುವವರೇನೋ ಎಂದು ನಾನು ಜಾಗ ಬಿಟ್ಟು ಏಳಲೂ ಇಲ್ಲ. ಅವರು ಹೊಸ ಎಕ್ಸ್‌ರೇ ತೆಗೆಸಿದರು, ಅತ್ತೆಯನ್ನು ನೆಟ್ಟಗೆ ನಿಲ್ಲಿಸಿ ಒಂದು, ಮಗ್ಗುಲಾಗಿ ಮಲಗಿಸಿ ಒಂದು. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ಅತ್ತೆಯನ್ನೇ ಹತ್ತಿರ ಕರೆದರು. ರೋಗಿಯನ್ನು ಬಿಟ್ಟು ಗಂಡಸರಿಗೆ ಹೇಳುವ ಡಾಕ್ಟರುಗಳನ್ನೇ ನೋಡಿದ್ದ ನನಗೆ ಅಲ್ಲಿಂದಲೇ ಅವರು ಹಿಡಿಸಿದರು.

“ಇಲ್ಲಿ ನೋಡಿ ಅಮ್ಮ. ಹಳೇ ಕ್ಷಯ ವಾಸಿಯಾಗುವಾಗ ಶ್ವಾಸಕೋಶದಲ್ಲಿ ಒಂದು ಪೊಟರೆ ಬಿಟ್ಟು ಹೋಗಿದೆ. ಅದರೊಳಗೆ ಒಂದು ಉಂಡೆ ಉಂಟು. ನೀವು ನಿಂತಾಗ ಇಲ್ಲಿತ್ತು, ಮಲಗಿದಾಗ ಉರುಳಿ ಇಲ್ಲಿಗೆ ಬಂತು. ಕಂಡಿತಾ?”

“ಏನು ಉಂಡೆ?” ಎಂದರು ಅತ್ತೆ.

“ಬೂಷ್ಟು. ಗಾಳಿಯಲ್ಲಿ ಎಲ್ಲ ಕಡೆ ಇರ್ತದೆ. ನಾವೆಲ್ಲ ಉಸಿರಾಡ್ತೇವೆ, ನಮಗೆ ಎಂಥದೂ ಆಗುವುದಿಲ್ಲ. ನಿಮ್ಮಲ್ಲಿ ಖಾಲಿ ಪೊಟರೆ ಸಿಕ್ಕಿತು, ಕೂತು ಬೆಳೆಯಿತು. ಇದು ಕ್ಷಯ ಅಲ್ಲ. ಯಾರಿಗೂ ಅಂಟುವುದಿಲ್ಲ.”

ಅಂಟುವುದಿಲ್ಲ ಎಂಬ ಮಾತನ್ನು ಅತ್ತೆ ನಂಬಲಿಲ್ಲ. “ಧೈರ್ಯಕ್ಕೆ ಹಾಗೆ ಹೇಳ್ತಾರೆ” ಎಂದು ಆಮೇಲೆ ನನ್ನ ಕಿವಿಯಲ್ಲಿ ಹೇಳಿದರು. ಆದರೆ ಬೂಷ್ಟು ಎಂದದ್ದು ಅವರಿಗೆ ತಟ್ಟನೆ ಅರ್ಥವಾಯಿತು. ಬೂಷ್ಟಿನ ವಿಷಯದಲ್ಲಿ ಅವರಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ.

ಮಾತ್ರೆ ಆ ಪೊಟರೆಯೊಳಕ್ಕೆ ಹೋಗಿ ಕೆಲಸ ಮಾಡುವುದಿಲ್ಲ, ಎದೆ ತೆರೆದು ಬಲ ಶ್ವಾಸಕೋಶದ ಮೇಲಿನ ಭಾಗವನ್ನೇ ತೆಗೆಯಬೇಕು ಎಂದರು ಸರ್ಜನ್. ಮಾವ ಬಾಯಿ ತೆರೆದದ್ದು ಆಗ. “ಈ ವಯಸ್ಸಲ್ಲಿ ಎದೆ ಕುಯ್ಸೋದಾ ಸ್ವಾಮಿ?”

“ಸುಳ್ಳು ಹೇಳುವುದಿಲ್ಲ” ಎಂದರು ಸರ್ಜನ್. “ಹಳೇ ಗಾಯದಿಂದ ಶ್ವಾಸಕೋಶ ಎದೆಗೂಡಿಗೆ ಅಂಟಿಕೊಂಡಿದೆ. ಬಿಡಿಸುವಾಗ ರಕ್ತ ತುಂಬ ಹೋಗ್ತದೆ. ಜೀವಕ್ಕೂ ಅಪಾಯ ಉಂಟು. ಮಾಡದೆ ಬಿಟ್ಟರೆ, ಇನ್ನೊಂದು ಸಲ ಹೀಗೆ ರಕ್ತ ಬಂದಾಗ ನೀವು ಕಾರ್ಕಳ ಮುಟ್ಟುವುದೂ ಕಷ್ಟ.”

ತೀರ್ಮಾನ ಮಾಡಿದ್ದು ಅತ್ತೆ. “ಒಂದು ಮೂಟೆಗೆ ಬೂಷ್ಟು ಹಿಡಿದ್ರೆ ಆ ಮೂಟೆ ಎತ್ತಿ ಆಚೆ ಹಾಕ್ಬೇಕು. ಇಲ್ದಿದ್ರೆ ಉಳಿದದ್ದೂ ಹೋಗ್ತದೆ. ತೆಗೀರಿ ಡಾಕ್ಟ್ರೇ.” ಸರ್ಜನ್ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು ಅವರನ್ನೇ ನೋಡಿದರು. “ನನ್ನ ವಿದ್ಯಾರ್ಥಿಗಳಿಗೆ ನಾನು ಒಂದು ಗಂಟೆ ಹೇಳುವುದನ್ನು ಇವರು ಎರಡು ಮಾತಲ್ಲಿ ಹೇಳಿದರು” ಎಂದರು.

ರಕ್ತ ನಿಂತು ವಾರವಾದ ಮೇಲೆ ಒಂದು ಪರೀಕ್ಷೆ ಇತ್ತು. ಒಂದು ಭಾಗ ತೆಗೆದ ಮೇಲೆ ಉಳಿದ ಶ್ವಾಸಕೋಶ ಸಾಕಾಗುತ್ತದೋ ಇಲ್ಲವೋ ನೋಡಬೇಕು. ಯಂತ್ರದಲ್ಲಿ ಊದಿಸಿ ನೋಡಿದ್ದು ಸಾಲದೆಂದು ಸರ್ಜನ್ ತಾವೇ ಬಂದು, “ಬನ್ನಿ ಅಮ್ಮ, ಮೂರು ಮಹಡಿ ಹತ್ತುವ” ಎಂದರು. ಮಾತಾಡಿಕೊಂಡೇ ಹತ್ತಬೇಕು, ಏದುಸಿರು ಬಂದಲ್ಲಿ ನಿಲ್ಲಬೇಕು. ನಾನೂ ಹಿಂದೆ ಹೋದೆ. ಎರಡನೆಯ ಮಹಡಿಯಲ್ಲಿ ನಾನು ಗೋಡೆ ಹಿಡಿದು ನಿಂತೆ. ಮೂರನೆಯದರಲ್ಲಿ ಸರ್ಜನ್ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು, ಅತ್ತೆ ಅವರಿಗೆ ರೊಬಸ್ಟಾ ಮತ್ತು ಅರೇಬಿಕಾ ಗಿಡದ ಸ್ವಭಾವ ವಿವರಿಸುತ್ತಿದ್ದರು. “ನಿಮ್ಮ ಮೆಟ್ಟಿಲು ಏನು ಮಹಾ. ನಮ್ಮ ತೋಟದ ಏರು ಹತ್ತಿ ನೋಡಿ” ಎಂದೂ ಸೇರಿಸಿದರು. “ಪಾಸ್” ಎಂದರು ಸರ್ಜನ್, ಏದುಸಿರು ಇಳಿದ ಮೇಲೆ.

ರಕ್ತ ಕೊಡುವವರು ಬೇಕೆಂದು ಊರಿಗೆ ಫೋನ್ ಮಾಡಿದೆವು. ಮರುದಿನ ಮಧ್ಯಾಹ್ನ ನಮ್ಮ ತೋಟಕ್ಕೆ ಕೆಲಸಕ್ಕೆ ಬರುವವರೂ ಅಕ್ಕಪಕ್ಕದವರೂ ಸೇರಿ ಒಂದು ಜೀಪು ಜನ ಬಂದಿಳಿದರು. ಅತ್ತೆಯ ಬೈಗುಳವನ್ನು ನನಗಿಂತ ಹೆಚ್ಚು ತಿಂದವರೇ ಅವರೆಲ್ಲ. ಕಾಫಿ ಕುಯ್ಯುವುದರಲ್ಲಿ ಎಲ್ಲರಿಗಿಂತ ಮುಂದಿದ್ದ ಹೆಂಗಸೊಬ್ಬಳನ್ನು ತೂಕ ಸಾಲದು ಎಂದು ವಾಪಸು ಕಳಿಸಿದ್ದಕ್ಕೆ ಅವಳು ರಕ್ತ ತೆಗೆಯುವವನ ಜೊತೆ ಜಗಳಕ್ಕೇ ನಿಂತಳು. “ತೂಕ ಯಾಕೆ ನೋಡ್ತೀರಿ? ನನ್ನ ಬುಟ್ಟಿ ನೋಡಿ” ಎಂದಳು. ಅವರೆಲ್ಲರ ಕಾಲಿಗೆ ಬೀಳಬೇಕು ಎನಿಸಿತ್ತು ನನಗೆ.

ಆಪರೇಷನ್ ಬೆಳಿಗ್ಗೆ ಶುರುವಾಗಿ ಮಧ್ಯಾಹ್ನದ ಊಟದ ಹೊತ್ತು ದಾಟಿತು. ಮಾವ ಬೆಂಚಿನಿಂದ ಏಳಲಿಲ್ಲ, ನೀರೂ ಕುಡಿಯಲಿಲ್ಲ. ಕೊನೆಗೆ ಸರ್ಜನ್ ಹೊರಗೆ ಬಂದಾಗ ಅವರ ಬಟ್ಟೆಯೆಲ್ಲ ಬೆವರಿಗೆ ಮೈಗಂಟಿತ್ತು. ಕೈಯಲ್ಲಿ ಒಂದು ಸ್ಟೀಲ್ ತಟ್ಟೆ. ಅದರಲ್ಲಿ ನೆಲ್ಲಿಕಾಯಿಗಿಂತ ತುಸು ದೊಡ್ಡದಾದ, ಒದ್ದೆ ಹೊಗೆಸೊಪ್ಪಿನ ಬಣ್ಣದ, ಮುಟ್ಟಿದರೆ ಪುಡಿಯಾಗುವಂಥ ಒಂದು ಉಂಡೆ.

“ಇಷ್ಟೇನಾ?” ಎಂದರು ಮಾವ.

“ಇಷ್ಟೇ. ಇದಿದ್ದ ಭಾಗವನ್ನು ಎದೆಗೂಡಿನಿಂದ ಬಿಡಿಸಲಿಕ್ಕೆ ನಾನು ನನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದೆ” ಎಂದು ಅವರು ಅಲ್ಲೇ ಬೆಂಚಿನ ಮೇಲೆ, ಮಾವನ ಪಕ್ಕ ಕೂತುಬಿಟ್ಟರು. ಆ ಬೆರಳುಗಳನ್ನು ನಾನು ನೋಡಿದೆ. ಗಿಡ್ಡ, ಸಾದಾ ಬೆರಳು. ಅಷ್ಟು ಹೊತ್ತು ಒಂದು ಜೀವವನ್ನು ಹಿಡಿದುಕೊಂಡಿದ್ದ ಬೆರಳು ಎಂದು ಯಾರೂ ಹೇಳಲಾರರು. ಅಂದಿನಿಂದ ನಾನು ದೇವರ ಮುಂದೆ ನೆನೆಯುವ ಹೆಸರುಗಳಲ್ಲಿ ಅವರದೂ ಒಂದು.

ಕಂಟಕ ಕಳೆಯಿತು ಎಂದುಕೊಂಡೆವು. ಕಳೆದಿರಲಿಲ್ಲ. ಅತ್ತೆಯ ಪಕ್ಕೆಯಿಂದ ಎರಡು ನಳಿಗೆ ಹೊರಬಂದು ಮಂಚದ ಕೆಳಗಿನ ನೀರಿನ ಬಾಟಲಿಗೆ ಇಳಿದಿದ್ದವು. ಉಸಿರಾಡಿದಾಗಲೆಲ್ಲ ಬಾಟಲಿಯಲ್ಲಿ ಗುಳುಗುಳು. ಉಳಿದ ಶ್ವಾಸಕೋಶ ಅರಳಿ, ತೆಗೆದ ಜಾಗವನ್ನು ತುಂಬಿಕೊಳ್ಳಬೇಕು. ಅದಕ್ಕೆ ಒಂದೇ ದಾರಿ, ದೀರ್ಘವಾಗಿ ಉಸಿರೆಳೆದು ಗಟ್ಟಿಯಾಗಿ ಕೆಮ್ಮುವುದು. ಕೆಮ್ಮಿ ಕಫ ಹೊರಗೆ ಹಾಕದಿದ್ದರೆ ಅದು ಒಳಗೇ ಕೂತು ಕೊಳೆಯುತ್ತದೆ.

ಅತ್ತೆ ಕೆಮ್ಮಲಿಲ್ಲ.

ಕೇರಳದ ನರ್ಸ್ ಒಬ್ಬಳು, ಸ್ವಂತ ಮಗಳಂತೆ ನೋಡಿಕೊಂಡವಳು, ಅವರ ಎದೆಗೆ ದಿಂಬು ಒತ್ತಿ ಹಿಡಿದು, “ಕೆಮ್ಮಿ ಅಮ್ಮಾ, ಜೋರು ಕೆಮ್ಮಿ” ಎಂದು ಅಂಗಲಾಚಿದಳು. ನೋವಿಗೆ ಇಂಜೆಕ್ಷನ್ ಕೊಟ್ಟರು. ಹಬೆ ಕೊಟ್ಟರು. ಕೆಮ್ಮು ಗಂಟಲಿಗೆ ಬರುತ್ತಿತ್ತು, ಅದು ನನಗೇ ಕಾಣುತ್ತಿತ್ತು. ಅತ್ತೆ ತುಟಿ ಬಿಗಿಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಅದನ್ನು ನುಂಗುತ್ತಿದ್ದರು. ಮೂರನೆಯ ದಿನ ಜ್ವರ ಏರಿತು. ಎಕ್ಸ್‌ರೇ ನೋಡಿದ ಸರ್ಜನ್ ಮುಖದಲ್ಲಿ ಮೊದಲ ಸಲ ನಗು ಇರಲಿಲ್ಲ. “ಶ್ವಾಸಕೋಶ ಅರಳಿಲ್ಲ. ಹೀಗೇ ಬಿಟ್ಟರೆ ನ್ಯುಮೋನಿಯ ಆಗ್ತದೆ, ಇವರಿಗೆ ತಡೆಯುವ ಶಕ್ತಿ ಇಲ್ಲ. ನಾವು ಮಾಡಿದ್ದೆಲ್ಲ ದಂಡ. ಇಷ್ಟು ಗಟ್ಟಿ ಹೆಂಗಸು, ಕೆಮ್ಮಲಿಕ್ಕೆ ಯಾಕೆ ಹೆದರ್ತಾರೆ?” ಎಂದು ವರಾಂಡದಲ್ಲಿ ನನ್ನನ್ನು ಕೇಳಿದರು.

ನಾನು ಅಲ್ಲೇ ನಿಂತು ಎಲ್ಲ ಹೇಳಿದೆ. ಗೋಡೌನು, ಹೊಸಿಲ ಮೇಲಿನ ತಟ್ಟೆ, ಕೂಸಿನ ಮುಖ ನೋಡಲೆಂದು ಕಲಿತ ವಿದ್ಯೆ. “ಅವರಿಗೆ ನೋವಿನ ಹೆದರಿಕೆ ಅಲ್ಲ ಡಾಕ್ಟ್ರೇ. ಯಾರಾದ್ರೂ ಕೇಳಿಸ್ಕೊಂಡ್ರೆ ಅನ್ನೋ ಹೆದರಿಕೆ. ಮೂವತ್ತಮೂರು ವರ್ಷದ ಅಭ್ಯಾಸ” ಎಂದೆ. ಸರ್ಜನ್ ನನ್ನ ಬೆನ್ನ ಹಿಂದೆ ನೋಡಿದರು. ಮಾವ ಬೆಂಚಿನಿಂದ ಎದ್ದು ನಿಂತಿದ್ದರು. ಅವರು ಅಲ್ಲಿದ್ದದ್ದನ್ನು ನಾನು ಮಾತಿನ ಭರದಲ್ಲಿ ಮರೆತೇಬಿಟ್ಟಿದ್ದೆ.

ಅವರು ನಮ್ಮಿಬ್ಬರನ್ನೂ ದಾಟಿ ವಾರ್ಡಿನೊಳಗೆ ಹೋದರು. ನಾವೂ ಹಿಂದೆ ಹೋದೆವು. ನರ್ಸಿನ ಕೈಯಲ್ಲಿದ್ದ ಕಫದ ಕಪ್ಪನ್ನು ಕೇಳಿ ತೆಗೆದುಕೊಂಡರು. ಹೊರಗಿನವರ ಮುಂದೆ ಹೆಂಡತಿಯ ಪಕ್ಕ ಕೂತದ್ದನ್ನು ನಾನು ಎಂದೂ ಕಾಣದ ಆ ಮನುಷ್ಯ ಮಂಚದ ಮೇಲೆ ಹತ್ತಿ ಕೂತು, ಒಂದು ಕೈಯನ್ನು ಅತ್ತೆಯ ಬೆನ್ನಿಗೆ ಆನಿಸಿ, ಇನ್ನೊಂದು ಕೈಯಲ್ಲಿ ಕಪ್ಪನ್ನು ಅವರ ಗಲ್ಲದ ಕೆಳಗೆ ಹಿಡಿದರು.

“ಕೆಮ್ಮು ಮಾರಾಯ್ತಿ.”

ಅತ್ತೆ ತಲೆ ಅಲ್ಲಾಡಿಸಿದರು. ನಿತ್ರಾಣದ ಕೈಯಿಂದ ಅವರ ಎದೆಯನ್ನು ದೂಡಿದರು. “ದೂರ ಹೋಗಿ. ಅಂಟ್ತದೆ.”

“ಅಂಟ್ಲಿ ಬಿಡು.”

ಸರ್ಜನ್ ಅಂಟುವುದಿಲ್ಲ ಎಂದು ನೂರು ಸಲ ಹೇಳಿದ್ದರು. ಅದು ಅತ್ತೆಯ ತಲೆಗೆ ಹೋಗಿರಲಿಲ್ಲ. ಇದು ಹೋಯಿತು. ಅವರು ಗಂಡನ ಮುಖವನ್ನು ಒಂದು ಸಲ ನೋಡಿದರು, ಉಸಿರೆಳೆದರು, ಕೆಮ್ಮಿದರು. ಅದೆಂಥ ಕೆಮ್ಮು! ಪಕ್ಕದ ಮಂಚದವರು ಬೆಚ್ಚಿ ಎದ್ದು ಕೂತರು, ಮಂಚದ ಕೆಳಗಿನ ಬಾಟಲಿಯ ನೀರು ಕುದಿದಂತೆ ಎದ್ದಿತು. ನೋವಿಗೆ ಮಾವನ ತೋಳನ್ನು ಉಗುರು ನಾಟುವಂತೆ ಹಿಡಿದುಕೊಂಡು ಮತ್ತೆ ಕೆಮ್ಮಿದರು, ಮತ್ತೆ ಕೆಮ್ಮಿದರು. ನರ್ಸ್ ಅಳುತ್ತಾ ನಗುತ್ತಿದ್ದಳು. ನಾನು ಬರೀ ಅಳುತ್ತಿದ್ದೆ. ಮಾವ ಕಪ್ಪಿನೊಳಗೆ ನೋಡಿ, ಮುಖ ತಿರುಗಿಸದೆ, ಮತ್ತೆ ಅದನ್ನೇ ಹಿಡಿದು, “ಇನ್ನೊಂದು ಸಲ” ಎಂದರು.

ಎರಡು ದಿನದ ಮೇಲಿನ ಎಕ್ಸ್‌ರೇಯಲ್ಲಿ ಶ್ವಾಸಕೋಶ ಅರಳಿತ್ತು. ಸರ್ಜನ್ ಅದನ್ನು ಹಿಡಿದುಕೊಂಡು ವಾರ್ಡಿನ ತುಂಬ ಎಲ್ಲರಿಗೂ ತೋರಿಸಿಕೊಂಡು ಬಂದರು. ಜ್ವರ ಇಳಿಯಿತು, ನಳಿಗೆ ತೆಗೆದರು, ಮೂರನೆಯ ವಾರ ಮನೆಗೆ ಕಳಿಸಿದರು. ಆಮೇಲೆ ಅತ್ತೆಯ ಬಾಯಲ್ಲಿ ರಕ್ತ ಬರಲೇ ಇಲ್ಲ. ಆ ವರ್ಷದ ಕುಯ್ಲಿಗೆ ಕುರ್ಚಿ ಹಾಕಿಸಿಕೊಂಡು ಕಣದಲ್ಲಿ ಕೂತರು, ಮುಂದಿನ ವರ್ಷ ಕುರ್ಚಿ ಬೇಡ ಎಂದರು. ನನ್ನ ಮಗಳು ಎಸ್ಸೆಸ್ಸೆಲ್ಸಿ ಮುಗಿಸುವವರೆಗೂ ಅವರ ಪಕ್ಕದಲ್ಲೇ ಮಲಗಿದಳು. ಇದೆಲ್ಲ ಆಯಿತು. ಆದರೆ ನಾನು ಇದನ್ನು ಬರೆಯಲು ಕೂತದ್ದು ಆಸ್ಪತ್ರೆಯ ಕಡೆಯ ದಿನಗಳ ಒಂದು ಬೆಳಿಗ್ಗೆಗಾಗಿ.

ಅಷ್ಟು ದಿನವೂ ಮಾವ ಆ ಕಪ್ಪನ್ನು ಯಾರಿಗೂ ಕೊಟ್ಟಿರಲಿಲ್ಲ. ಆಯಾ ಬಂದು ಕೇಳಿದರೂ ಕೊಡದೆ, ವರಾಂಡದ ಕೊನೆಯ ನಲ್ಲಿಯಲ್ಲಿ ತಾವೇ ತೊಳೆದು ತರುತ್ತಿದ್ದರು. ಆ ಬೆಳಿಗ್ಗೆ ನಾನು ಕಾಫಿ ಫ್ಲಾಸ್ಕ್ ತೊಳೆಯಲು ಹೋದಾಗ ಅವರು ಅಲ್ಲಿದ್ದರು. ನನ್ನ ಕಡೆ ತಿರುಗದೆ, ನೀರಿನ ಸದ್ದಿನಲ್ಲಿ ಅರ್ಧ ಕೇಳುವಂತೆ ಹೇಳಿದರು:

“ನಾನು ಅಮ್ಮನಿಗೆ ಹೆದರಿ ದೂರ ನಿಲ್ತಿದ್ದೆ ಅಂತ ಊರವರು ಹೇಳ್ತಾರೆ. ಅವಳೂ ಹಾಗೇ ಅಂದ್ಕೊಂಡಿದಾಳೆ. ಅಮ್ಮನೇ ಒಂದು ದಿನ ಹೇಳಿದ್ರು ಕಣಮ್ಮ, ಬಾಯಿಗೆ ಬಟ್ಟೆ ಕಟ್ಕೊಂಡು ಒಳಗೆ ಹೋಗಿ ಒಂದು ಗಳಿಗೆ ಕೂತು ಬಾ, ಪಾಪ, ಒಬ್ಳೇ ಇದಾಳೆ ಅಂತ. ನಾನೇ ಹೋಗ್ಲಿಲ್ಲ. ನಂಗೆ ಜೀವಭಯ.”

ಮಗಳ ಹಾಸಿಗೆ ಎಳೆದು ತಂದವಳು ನಾನು, ಹೇಳುವುದಕ್ಕೆ ನನಗೆ ಬಾಯಾದರೂ ಎಲ್ಲಿತ್ತು? “ಕೊಡಿ ಮಾವಯ್ಯ, ಇವತ್ತು ನಾನು ತೊಳೀತೀನಿ” ಎಂದು ಕೈ ಚಾಚಿದೆ.

ಅವರು ಕೊಡಲಿಲ್ಲ. ಅಷ್ಟರಲ್ಲಿ ವಾರ್ಡಿನಿಂದ ಅತ್ತೆ ಗಟ್ಟಿಯಾಗಿ ಕೆಮ್ಮಿದ್ದು ಕೇಳಿಸಿತು. ಅರುವತ್ತು ದಾಟಿದ ಆ ಮನುಷ್ಯ ನಲ್ಲಿ ನಿಲ್ಲಿಸುವುದನ್ನೂ ಮರೆತು, ನೀರು ಸುರಿಯುತ್ತಿದ್ದ ಕಪ್ಪನ್ನು ಹಿಡಿದುಕೊಂಡು ಓಡಿದರು.